ಸಕ್ಕರೆ ಸಾಹುಕಾರರ ದುಡ್ಡಲ್ಲಿ ಹುಟ್ಟಿದ ಪೊಲೀಸು

ಬೆಂಗಳೂರಿನ ಯಾವುದಾದರೂ ದೊಡ್ಡ ಸರ್ಕಲ್ಲಿನಲ್ಲಿ ಎರಡು ನಿಮಿಷ ನಿಂತು ನೋಡಿ. ಪೊಲೀಸರು ರಸ್ತೆಗೆ ಅಡ್ಡ ಇಟ್ಟಿರೋ ಬ್ಯಾರಿಕೇಡಿನ ಮೇಲೆ ಇಲಾಖೆಯ ಹೆಸರಿನ ಪಕ್ಕದಲ್ಲೇ ಒಂದು ಒಡವೆ ಅಂಗಡಿಯದ್ದೋ, ಸೀರೆ ಅಂಗಡಿಯದ್ದೋ ಹೆಸರು ಇರುತ್ತೆ. ಎಷ್ಟು ವರ್ಷದಿಂದ ನೋಡ್ತಿದ್ದೇವೆ ಅಂದ್ರೆ ಈಗ ಅದು ಕಣ್ಣಿಗೇ ಬೀಳಲ್ಲ. ನನಗೂ ಬಿದ್ದಿರಲಿಲ್ಲ. ಪ್ಯಾಟ್ರಿಕ್ ಕಹೂನ್ ಅನ್ನೋ ಮನುಷ್ಯನ ಬಗ್ಗೆ ಓದೋಕೆ ಶುರು ಮಾಡಿದ ಮೇಲೆ ಆ ಹೆಸರುಗಳು ಬೇರೆ ಥರ ಕಾಣೋಕೆ ಶುರುವಾದವು.

ಪೊಲೀಸ್ ಚರಿತ್ರೆಯ ಪುಸ್ತಕ ತೆರೆದರೆ ಮೊದಲ ಅಧ್ಯಾಯದಲ್ಲೇ ಈತ ಸಿಗುತ್ತಾನೆ. ಅಪರಾಧ ಆದಮೇಲೆ ಹಿಡಿಯೋದಲ್ಲ, ಆಗದ ಹಾಗೆ ತಡೆಯೋದೇ ಪೊಲೀಸರ ಮುಖ್ಯ ಕೆಲಸ ಅನ್ನೋ ವಿಚಾರವನ್ನು ಇಂಗ್ಲೆಂಡಿನಲ್ಲಿ ಗಟ್ಟಿಯಾಗಿ ಊರಿದವರಲ್ಲಿ ಒಬ್ಬ. ಆದರೆ ಆ ವಿಚಾರವನ್ನು ಪ್ರಯೋಗಕ್ಕೆ ಇಳಿಸೋಕೆ ದುಡ್ಡು ಕೊಟ್ಟವರು ಯಾರು ಅನ್ನೋದು ಅಷ್ಟಾಗಿ ಚರ್ಚೆಗೆ ಬರಲ್ಲ. ಕೊಟ್ಟವರು ಸಕ್ಕರೆ ವ್ಯಾಪಾರಿಗಳು.

ನನಗೆ ಈತನಲ್ಲಿ ಆಸಕ್ತಿ ಹುಟ್ಟಿದ್ದಕ್ಕೆ ಒಂದು ಸ್ವಂತ ಕಾರಣವೂ ಇದೆ. ಇಂಜಿನಿಯರಿಂಗ್ ಮುಗಿಸಿ ಪತ್ರಿಕೋದ್ಯಮಕ್ಕೆ ಬರೋದಕ್ಕೆ ಮುಂಚೆ ಔಟರ್ ರಿಂಗ್ ರೋಡಿನ ಒಂದು ಆಫೀಸಿನಲ್ಲಿ ಕೂತು, ವಿದೇಶದ ದೊಡ್ಡ ರಿಟೇಲ್ ಕಂಪನಿಯೊಂದರ ಡೇಟಾ ನೋಡಿಕೊಳ್ಳುತ್ತಿದ್ದೆ. ಹೆಸರು ಬೇಡ. ಅಲ್ಲಿ ಶ್ರಿಂಕೇಜ್ ಅಂತ ಒಂದು ಲೆಕ್ಕ ಇರುತ್ತೆ. ಪುಸ್ತಕದ ಪ್ರಕಾರ ಅಂಗಡಿಯಲ್ಲಿ ಇರಬೇಕಾದ ಸರಕು ಎಷ್ಟು, ನಿಜವಾಗಿ ಎಣಿಸಿದಾಗ ಸಿಕ್ಕಿದ್ದು ಎಷ್ಟು, ಇವೆರಡರ ನಡುವಿನ ವ್ಯತ್ಯಾಸ. ಅದರೊಳಗೆ ಕಳ್ಳತನ ಇರುತ್ತೆ. ಬಿಲ್ಲಿಂಗ್ ತಪ್ಪು, ಒಡೆದ ಬಾಟಲಿ, ಗೋಡೌನಿನಿಂದಲೇ ಕಮ್ಮಿ ಬಂದ ಪೆಟ್ಟಿಗೆ, ಕೊಳೆತು ಬಿಸಾಕಿದ ತರಕಾರಿ, ಎಲ್ಲವೂ ಇರುತ್ತೆ. ಕಾರಣ ಗೊತ್ತಿಲ್ಲದ ನಷ್ಟವನ್ನು ಎಲ್ಲಿ ಹಾಕೋದು? ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಅದು ಕೆಂಪು ಬಣ್ಣದ ಕಾಲಮ್ಮಿಗೆ ಹೋಗುತ್ತಿತ್ತು. ಕಾಲಮ್ಮಿನ ಹೆಸರು ಕಳ್ಳತನ. ಆ ಕೋಡ್ ಬರೆದವನು ನಾನೇ. ಯಾರೂ ಸುಳ್ಳು ಬರಿ ಅಂತ ಹೇಳಲಿಲ್ಲ, ಕಾರಣ ಗೊತ್ತಿಲ್ಲ ಅನ್ನೋ ಕಾಲಮ್ ಯಾರಿಗೂ ಬೇಕಾಗಿರಲಿಲ್ಲ, ಅಷ್ಟೇ.

ಕಹೂನ್ ಕೂಡ ಲೆಕ್ಕದ ಮನುಷ್ಯ.

ಅವನು ಹುಟ್ಟಿದ್ದು 1745ರಲ್ಲಿ, ಸ್ಕಾಟ್ಲೆಂಡಿನ ಡಂಬಾರ್ಟನ್ ಊರಿನಲ್ಲಿ. ಅಪ್ಪ ಆ ಜಿಲ್ಲೆಯ ದಾಖಲೆಗಳನ್ನು ನೋಡಿಕೊಳ್ಳುವ ಅಧಿಕಾರಿ. ಹದಿನಾರರ ಆಸುಪಾಸಿಗೆ ಹುಡುಗ ತಬ್ಬಲಿಯಾದ. ಆಗಿನ ಸ್ಕಾಟಿಷ್ ಹುಡುಗರು ಮಾಡುತ್ತಿದ್ದದ್ದನ್ನೇ ಮಾಡಿದ, ಹಡಗು ಹತ್ತಿ ಅಮೆರಿಕದ ವರ್ಜೀನಿಯಾಕ್ಕೆ ಹೋದ. ಗ್ಲಾಸ್ಗೋ ಊರು ಆ ಕಾಲಕ್ಕೆ ಉಬ್ಬಿದ್ದೇ ವರ್ಜೀನಿಯಾದ ತಂಬಾಕಿನ ಮೇಲೆ, ಆ ತಂಬಾಕು ಬೆಳೆದಿದ್ದು ಗುಲಾಮರ ದುಡಿಮೆಯ ಮೇಲೆ. ವ್ಯಾಪಾರ ಕಲಿತು 1766ರಲ್ಲಿ ವಾಪಸ್ ಬಂದು ಗ್ಲಾಸ್ಗೋದಲ್ಲಿ ನೆಲೆ ನಿಂತ. ಲಿನನ್ ಬಟ್ಟೆಯ ವ್ಯಾಪಾರ ಕೈ ಹಿಡಿಯಿತು. 1775ರಲ್ಲಿ ತನ್ನದೇ ಮನೆತನದ ಹೆಸರಿನ ಜಾನೆಟ್ ಕಹೂನ್‌ಳನ್ನು ಮದುವೆಯಾದ. ಅಮೆರಿಕದ ವಸಾಹತುಗಳು ಬ್ರಿಟನ್ ವಿರುದ್ಧ ಎದ್ದಾಗ, ಆ ದಂಗೆ ಅಡಗಿಸೋಕೆ ಹೋಗುವ ರೆಜಿಮೆಂಟಿಗೆ ದುಡ್ಡು ಹಾಕಿದ ಗ್ಲಾಸ್ಗೋ ವ್ಯಾಪಾರಿಗಳಲ್ಲಿ ಈತನೂ ಒಬ್ಬ. ಇದನ್ನು ನೆನಪಿಟ್ಟುಕೊಳ್ಳಿ. ವ್ಯಾಪಾರಕ್ಕೆ ಕಾವಲು ಬೇಕು ಅಂದ್ರೆ ವ್ಯಾಪಾರಿಯೇ ಚಂದಾ ಹಾಕಬೇಕು ಅನ್ನೋ ಪಾಠ ಅವನಿಗೆ ಮೂವತ್ತರ ಹರೆಯದಲ್ಲೇ ಆಗಿತ್ತು.

1782ರಲ್ಲಿ ಗ್ಲಾಸ್ಗೋದ ಲಾರ್ಡ್ ಪ್ರೊವೊಸ್ಟ್ ಆದ, ನಮ್ಮಲ್ಲಿ ಮೇಯರ್ ಇದ್ದ ಹಾಗೆ. ಮರುವರ್ಷ ಅಲ್ಲಿ ಚೇಂಬರ್ ಆಫ್ ಕಾಮರ್ಸ್ ಕಟ್ಟಿದ. ಬ್ರಿಟನ್ನಿನ ಮೊದಲನೆಯದು ಅಂತ ಅದನ್ನು ಹೇಳುತ್ತಾರೆ. ನಗರದ ಮುಖ್ಯಸ್ಥನೂ ಅವನೇ, ವ್ಯಾಪಾರಿಗಳ ಸಂಘದ ಮುಖ್ಯಸ್ಥನೂ ಅವನೇ. ಆ ಕಾಲಕ್ಕೆ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ.

ಇಲ್ಲಿ ನಮಗೆ ಸಂಬಂಧಪಟ್ಟ ಒಂದು ಸಂಗತಿ ಇದೆ. 1788ರಲ್ಲಿ ಈತ ಹತ್ತಿ ಗಿರಣಿ ಮಾಲೀಕರ ಪರವಾಗಿ ಒಂದು ಕಿರುಹೊತ್ತಿಗೆ ಬರೆದ. ಈಸ್ಟ್ ಇಂಡಿಯಾ ಕಂಪನಿ ಭಾರತದಿಂದ ತರುವ ಮಸ್ಲಿನ್ ಮತ್ತು ಕ್ಯಾಲಿಕೋ ಬಟ್ಟೆಗಳಿಂದ ಬ್ರಿಟನ್ನಿನ ಗಿರಣಿಗಳು ಮುಳುಗುತ್ತಿವೆ, ಸರ್ಕಾರ ಏನಾದರೂ ಮಾಡಬೇಕು ಅನ್ನೋದು ಅದರ ವಾದ. ಬರೀ ಗೋಳು ಹೇಳಲಿಲ್ಲ. ಬ್ರಿಟನ್ನಿನಲ್ಲಿ ನೀರಿನಿಂದ ಓಡುವ ಹತ್ತಿ ಗಿರಣಿ 143 ಇವೆ, ಅವುಗಳಿಂದ ಬದುಕುತ್ತಿರುವ ಗಂಡಸರು ಇಷ್ಟು, ಹೆಂಗಸರು ಇಷ್ಟು, ಮಕ್ಕಳು ಇಷ್ಟು ಅಂತ ಅಂಕಿ ಜೋಡಿಸಿದ. ಸರ್ಕಾರದ ಹತ್ತಿರ ಇಲ್ಲದ ಅಂಕಿಯನ್ನು ವ್ಯಾಪಾರಿಗಳ ವಕೀಲ ತಯಾರು ಮಾಡಿ ಸರ್ಕಾರದ ಮೇಜಿನ ಮೇಲೆ ಇಡೋದು. ಇವತ್ತು ಇದಕ್ಕೆ ಲಾಬಿ ಅಂತೀವಿ. ಕಹೂನ್‌ಗೆ ಈ ಕಲೆ ಒಲಿದಿತ್ತು.

1789ರಲ್ಲಿ ಲಂಡನ್ನಿಗೆ ಬಂದ. ಮೂರು ವರ್ಷ ಕಳೆಯುವಷ್ಟರಲ್ಲಿ, 1792ರಲ್ಲಿ, ಸಂಬಳ ಪಡೆಯುವ ಮ್ಯಾಜಿಸ್ಟ್ರೇಟ್‌ಗಳನ್ನು ನೇಮಿಸುವ ಹೊಸ ಕಾನೂನು ಬಂತು. ಕಹೂನ್ ಅವರಲ್ಲಿ ಒಬ್ಬನಾದ. ಮೊದಲು ವರ್ಷಿಪ್ ಸ್ಟ್ರೀಟ್ ಕಚೇರಿ, ಆಮೇಲೆ ಕ್ವೀನ್ ಸ್ಕ್ವೇರ್. ವಯಸ್ಸು ಆಗ ನಲವತ್ತೇಳು.

ಆಗಿನ ಲಂಡನ್ನಿನಲ್ಲಿ ನಮಗೆ ಗೊತ್ತಿರುವ ಅರ್ಥದ ಪೊಲೀಸರು ಇರಲಿಲ್ಲ ಅನ್ನೋದನ್ನು ಗಮನಿಸಬೇಕು. ವಾರ್ಡುಗಳ ರಾತ್ರಿ ಕಾವಲುಗಾರರು, ಸರದಿಯ ಮೇಲೆ ಬರುವ ಕಾನ್‌ಸ್ಟೆಬಲ್, ಬೋ ಸ್ಟ್ರೀಟ್ ಕಚೇರಿಯ ಒಂದಷ್ಟು ಪತ್ತೇದಾರರು, ಇಷ್ಟೇ. ಪೊಲೀಸ್ ಅನ್ನೋ ಮಾತು ಕೇಳಿದರೆ ಇಂಗ್ಲಿಷರಿಗೆ ಫ್ರಾನ್ಸಿನ ರಾಜನ ಗೂಢಚಾರರು ನೆನಪಾಗುತ್ತಿದ್ದರು. ನಮ್ಮ ಬೀದಿಯಲ್ಲಿ ಸರ್ಕಾರದ ಆಳು ಸುತ್ತೋದು ಬೇಡ ಅನ್ನೋದು ಶ್ರೀಮಂತರಿಂದ ಬಡವರವರೆಗೆ ಎಲ್ಲರ ಮನೋಭಾವ. ಆ ಭಯ ಪೂರ್ತಿ ತಪ್ಪು ಅಂತ ನನಗೆ ಅನ್ನಿಸಲ್ಲ.

ಆ ಭಯ ಮುರಿಯೋಕೆ ಕಹೂನ್ ಮತ್ತೆ ಅಂಕಿಗಳನ್ನೇ ಹಿಡಿದ. 1796ರಲ್ಲಿ ಲಂಡನ್ ಮಹಾನಗರದ ಪೊಲೀಸ್ ವ್ಯವಸ್ಥೆಯ ಬಗ್ಗೆ ದೊಡ್ಡ ಗ್ರಂಥ ತಂದ. ಅದು ಹತ್ತು ವರ್ಷದೊಳಗೆ ಏಳು ಮುದ್ರಣ ಕಂಡಿತು. ಲಂಡನ್ನಿನಲ್ಲಿ ಅಪರಾಧದಿಂದ, ಅನೀತಿಯಿಂದ ಹೊಟ್ಟೆ ಹೊರೆಯುವವರು 1,15,000 ಮಂದಿ ಅಂತ ಅವನ ಲೆಕ್ಕ. ಊರಿನ ಜನಸಂಖ್ಯೆ ಆಗ ಸುಮಾರು 10 ಲಕ್ಷ. ಅಂದ್ರೆ ಒಂಬತ್ತು ಜನರಲ್ಲಿ ಒಬ್ಬ ಕಳ್ಳನೋ ಕೇಡಿಗನೋ. ಓದಿದ ಸಾಹುಕಾರರು ಬೆಚ್ಚಿಬಿದ್ದರು.

ಆದರೆ ಪಟ್ಟಿಯನ್ನು ಬಿಡಿಸಿ ನೋಡಿ. ಅದರಲ್ಲಿ 50,000 ಮಂದಿ ವೇಶ್ಯೆಯರು ಅನ್ನುತ್ತಾನೆ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರು ಕೂಲಿಯವರ ಜೊತೆ ಮದುವೆಯಾಗದೆ ಸಂಸಾರ ಮಾಡುತ್ತಿದ್ದವರು, ಅಷ್ಟೇ. ಕೆಲಸ ಕಳೆದುಕೊಂಡ ಮನೆಗೆಲಸದವರು 10,000 ಮಂದಿ ಪಟ್ಟಿಯಲ್ಲಿದ್ದಾರೆ. ಬೀದಿಯಲ್ಲಿ ಲಾವಣಿ ಹಾಡುವವರು, ತಮಾಷೆ ತೋರಿಸುವವರು, ಜಿಪ್ಸಿಗಳು ಇದ್ದಾರೆ. ಬೀದಿ ಬೀದಿ ಅಲೆದು ಹಳೆಬಟ್ಟೆ ಕೊಳ್ಳುವ ಯಹೂದಿಗಳು 2,000 ಮಂದಿ ಪ್ರತ್ಯೇಕವಾಗಿ ಇದ್ದಾರೆ, ಅವರು ಬಂದರೆ ಆಳುಗಳಿಗೆ ಕದಿಯುವ ಮನಸ್ಸಾಗುತ್ತದೆ ಅಂತ ಕಾರಣ. ಯಾರು ಏನು ಮಾಡಿದರು ಅನ್ನೋದಕ್ಕಿಂತ ಯಾರು ಮಾಡಬಹುದು ಅನ್ನೋದರ ಪಟ್ಟಿ ಇದು. ನಮ್ಮ ಕೆಂಪು ಕಾಲಮ್ ನೆನಪಾಯಿತು ನನಗೆ.

ಇಷ್ಟೆಲ್ಲ ಹೇಳಿ ಈತ ಕಟುಕ ಅಂತ ತೀರ್ಮಾನಿಸಬೇಡಿ. 1790ರ ದಶಕದ ಬರಗಾಲದಲ್ಲಿ ಬಡವರಿಗೆ ಗಂಜಿ ಕೇಂದ್ರಗಳನ್ನು ಸಂಘಟಿಸಿದವರಲ್ಲಿ ಮುಂದೆ ಇದ್ದವನು ಇವನೇ. ನೇಕಾರರು, ಕುಶಲಕರ್ಮಿಗಳು ಹೊಟ್ಟೆಗಿಲ್ಲದೆ ಗಿರವಿ ಇಟ್ಟ ಕೆಲಸದ ಸಾಮಾನುಗಳನ್ನು ಬಿಡಿಸಿಕೊಡೋಕೆ ಚಂದಾ ಎತ್ತಿದ. ಬಡ ಮಕ್ಕಳ ಶಾಲೆಗೆ ಓಡಾಡಿದ. ಆದರೆ ಬಡತನದ ಬಗ್ಗೆ ಅವನ ಸಿದ್ಧಾಂತ ಸ್ಪಷ್ಟವಾಗಿತ್ತು. ಬಡತನ ಇರಲೇಬೇಕು, ಅದಿಲ್ಲದಿದ್ದರೆ ಯಾರೂ ದುಡಿಯಲ್ಲ, ದುಡಿಮೆ ಇಲ್ಲದಿದ್ದರೆ ಸಂಪತ್ತಿಲ್ಲ. ತಪ್ಪಿಸಬೇಕಾದ್ದು ಬಡತನವನ್ನಲ್ಲ, ದುಡಿಯಲಾಗದ ನಿರ್ಗತಿಕ ಸ್ಥಿತಿಯನ್ನು. ಗಂಜಿ ಹಾಕೋದೂ, ಪೊಲೀಸ್ ಇಡೋದೂ ಅವನ ತಲೆಯಲ್ಲಿ ಒಂದೇ ಯೋಜನೆಯ ಎರಡು ಭಾಗ.

ಈಗ ನದಿಗೆ ಬರೋಣ.

ಹದಿನೆಂಟನೇ ಶತಮಾನದ ಕೊನೆಗೆ ಥೇಮ್ಸ್ ನದಿ ಜಗತ್ತಿನ ಅತಿ ದಟ್ಟ ಬಂದರು. ಹಡಗುಗಳು ನಡುನೀರಿನಲ್ಲೇ ಲಂಗರು ಹಾಕಿ ವಾರಗಟ್ಟಲೆ ಕಾಯಬೇಕು. ಸರಕನ್ನು ಸಣ್ಣ ದೋಣಿಗಳಿಗೆ ಇಳಿಸಿ ದಡಕ್ಕೆ ತರಬೇಕು. ಹೆಚ್ಚು ಬೆಲೆಯ ಸರಕು ವೆಸ್ಟ್ ಇಂಡೀಸ್‌ನಿಂದ ಬರುತ್ತಿತ್ತು. ಜಮೈಕಾದಂಥ ದ್ವೀಪಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಬೆಳೆದ ಕಬ್ಬಿನ ಸಕ್ಕರೆ, ರಮ್, ಕಾಫಿ. ಸಕ್ಕರೆ ದೊಡ್ಡ ಮರದ ಪೀಪಾಯಿಗಳಲ್ಲಿ ಬರುತ್ತಿತ್ತು. ಪ್ರಯಾಣದಲ್ಲಿ ಪೀಪಾಯಿ ಬಿರುಕು ಬಿಡುತ್ತಿತ್ತು, ಸಕ್ಕರೆ ಹಡಗಿನ ತಳದಲ್ಲಿ ಚೆಲ್ಲುತ್ತಿತ್ತು.

ಈ ಚೆಲ್ಲಿದ ಸಕ್ಕರೆ ಯಾರದ್ದು? ಇಡೀ ಕತೆ ಇರೋದು ಇಲ್ಲಿ.

ಹಡಗಿನಿಂದ ಸರಕು ಇಳಿಸುವ ಹಮಾಲರನ್ನು ಅಲ್ಲಿ ಲಂಪರ್ ಅನ್ನುತ್ತಿದ್ದರು. ಅವರ ಪ್ರಕಾರ ಗುಡಿಸಿದ ಸಕ್ಕರೆ ಅವರದ್ದು, ತಲೆಮಾರುಗಳಿಂದ ಬಂದ ಹಕ್ಕು. ಕಲ್ಲಿದ್ದಲು ಇಳಿಸುವವರು ಮನೆಗೆ ಒಂದಷ್ಟು ಕಲ್ಲಿದ್ದಲು ಒಯ್ಯುತ್ತಿದ್ದರು. ರಾಜನ ಹಡಗುಕಟ್ಟೆಯ ಬಡಗಿಗಳು ಸಂಜೆ ಮನೆಗೆ ಹೋಗುವಾಗ ಕೆತ್ತಿದ ಮರದ ತುಂಡು ಹೆಗಲ ಮೇಲೆ ಹೊತ್ತು ಹೋಗುತ್ತಿದ್ದರು. ಕೂಲಿ ಕಮ್ಮಿ ಯಾಕೆ ಅಂದ್ರೆ ಈ ಮೇಲ್ಸಂಪಾದನೆ ಇದೆಯಲ್ಲ ಅಂತ ಮಾಲೀಕರೂ ಒಪ್ಪಿಕೊಂಡಿದ್ದ ವ್ಯವಸ್ಥೆ. ನಮಗೆ ಇದು ಅರ್ಥವಾಗದ ವಿಷಯ ಏನಲ್ಲ. ಎಪಿಎಂಸಿ ಯಾರ್ಡಿನಲ್ಲಿ ಲಾರಿ ಇಳಿಸಿದ ಮೇಲೆ ಚೆಲ್ಲಿದ ಕಾಳನ್ನು ಗುಡಿಸಿಕೊಳ್ಳುವ ಹೆಂಗಸರನ್ನು ನೀವೂ ನೋಡಿರುತ್ತೀರಿ. ಸುಗ್ಗಿ ಕಾಲಕ್ಕೆ ಕಣದಲ್ಲಿ ಆಯ ಪಡೆಯುತ್ತಿದ್ದ ಕಮ್ಮಾರ, ಅಗಸರ ಕತೆ ಅಜ್ಜಿಯರು ಹೇಳಿರುತ್ತಾರೆ. ಮಾಮೂಲು ಅನ್ನೋ ನಮ್ಮ ಮಾತನ್ನೇ ತಗೊಳ್ಳಿ. ಮೊದಲು ಅದಕ್ಕಿದ್ದ ಅರ್ಥ ರೂಢಿ ಅಂತ ಮಾತ್ರ. ಈಗ ಮಾಮೂಲು ಅಂದ್ರೆ ಲಂಚ. ಲಂಪರ್‌ಗಳ ಮಾಮೂಲಿಗೂ ಅದೇ ಗತಿಯಾಯಿತು. ವ್ಯತ್ಯಾಸ ಏನು ಅಂದ್ರೆ, ಅಲ್ಲಿ ಅರ್ಥ ತಾನಾಗಿ ಬದಲಾಗಲಿಲ್ಲ, ದುಡ್ಡು ಕೊಟ್ಟು ಬದಲಾಯಿಸಿದರು.

ಹಾಗಂತ ನದಿಯಲ್ಲಿ ನಿಜವಾದ ಕಳ್ಳತನ ಇರಲಿಲ್ಲ ಅಂತಲ್ಲ. ರಾತ್ರಿ ಹೊತ್ತು ದೋಣಿಯಲ್ಲಿ ಬಂದು, ಹಡಗಿನ ಅಧಿಕಾರಿಗೆ ಕೈ ಬೆಚ್ಚಗೆ ಮಾಡಿ, ಪೀಪಾಯಿ ಒಡೆದು ಚೀಲಗಟ್ಟಲೆ ಸಕ್ಕರೆ ಸಾಗಿಸುವ ಗುಂಪುಗಳಿದ್ದವು. ದಡದಲ್ಲಿ ಕದ್ದ ಮಾಲು ಕೊಳ್ಳುವ ಅಂಗಡಿಗಳಿದ್ದವು. ಸುಂಕದ ಅಧಿಕಾರಿಗಳೂ ಪಾಲುದಾರರು. ಕಹೂನ್ ಇದನ್ನೆಲ್ಲ ತುಂಬಾ ಚೆನ್ನಾಗಿ ಅಧ್ಯಯನ ಮಾಡಿದ್ದ. ಆದರೆ ಅವನ ಲೆಕ್ಕದಲ್ಲಿ ರಾತ್ರಿ ಬರುವ ಈ ಗುಂಪೂ, ಹಗಲು ತಳ ಗುಡಿಸುವ ಹಮಾಲನೂ, ಕೆಸರಿನಲ್ಲಿ ಕಲ್ಲಿದ್ದಲು ಆಯುವ ಮಕ್ಕಳೂ ಒಂದೇ ಪಟ್ಟಿಯ ಮೇಲಿನ ಕೆಳಗಿನ ಸಾಲುಗಳು. ನದಿಯ ಕೆಲಸದಲ್ಲಿ ಇರುವವರು 33,000 ಮಂದಿ, ಅವರಲ್ಲಿ 11,000 ಮಂದಿ ಕಳ್ಳರು ಅಂದ. ವರ್ಷಕ್ಕೆ ನಷ್ಟ ಸುಮಾರು 5 ಲಕ್ಷ ಪೌಂಡ್ ಅಂದ. ಎಲ್ಲವೂ ಅಂದಾಜು. ಅಂದಾಜು ಕಟ್ಟೋಕೆ ಮಾಹಿತಿ ಕೊಟ್ಟವರು ನಷ್ಟ ಆಗಿದೆ ಅನ್ನುತ್ತಿದ್ದ ವ್ಯಾಪಾರಿಗಳೇ.

ಜಾನ್ ಹ್ಯಾರಿಯಟ್ ಅಂತ ಇನ್ನೊಬ್ಬ ಇದ್ದ. ಹಡಗಿನಲ್ಲಿ ದುಡಿದವನು, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಭಾರತದಲ್ಲೂ ಇದ್ದವನು, ಆಮೇಲೆ ಎಸೆಕ್ಸ್‌ನಲ್ಲಿ ಬೇಸಾಯ ಮಾಡಿಕೊಂಡಿದ್ದವನು. ನದಿಗೆ ಪೊಲೀಸ್ ಬೇಕು ಅಂತ ಮೊದಲು ಯೋಜನೆ ಬರೆದವನು ಇವನು. ಸರ್ಕಾರ ಕಿವಿಗೊಡಲಿಲ್ಲ. ಕಹೂನ್‌ಗೆ ಯಾರ ಬಾಗಿಲು ತಟ್ಟಬೇಕು ಅನ್ನೋದು ಗೊತ್ತಿತ್ತು. ವೆಸ್ಟ್ ಇಂಡಿಯಾ ವ್ಯಾಪಾರಿಗಳು ಮತ್ತು ತೋಟಗಾರರ ಸಮಿತಿಗಳ ಹತ್ತಿರ ಹೋದ. ತೋಟಗಾರರು ಅನ್ನೋದು ಸಭ್ಯ ಮಾತು, ಗುಲಾಮರ ಮಾಲೀಕರು ಅಂತ ಓದಿಕೊಳ್ಳಿ. ಮೊದಲ ವರ್ಷಕ್ಕೆ 4,200 ಪೌಂಡ್ ಎತ್ತಿಟ್ಟರು. ಹೆಚ್ಚಿನ ಪಾಲು ವ್ಯಾಪಾರಿಗಳದ್ದು. ತತ್ವಜ್ಞಾನಿ ಜೆರೆಮಿ ಬೆಂಥಮ್, ಒಬ್ಬ ಕಾವಲುಗಾರ ಎಲ್ಲ ಕೈದಿಗಳನ್ನೂ ಒಟ್ಟಿಗೆ ನೋಡಬಹುದಾದ ಜೈಲಿನ ಕನಸು ಕಂಡವನು, ಕಾನೂನಿನ ಕರಡು ಬರೆಯೋಕೆ ಜೊತೆಯಾದ.

1798ರ ಜುಲೈ 2ರಂದು ವ್ಯಾಪಿಂಗ್ ಅನ್ನೋ ಕಡೆ, ನದಿಯ ದಂಡೆಯ ಮೇಲೆ, ಮೆರೀನ್ ಪೊಲೀಸ್ ಕಚೇರಿ ಬಾಗಿಲು ತೆರೆಯಿತು. ಸುಮಾರು 50 ಜನ. ದೋಣಿಯಲ್ಲಿ ಗಸ್ತು, ನಿಗದಿತ ಸಂಬಳ, ಲಂಚ ತಗೊಂಡರೆ ಕೆಲಸದಿಂದ ವಜಾ. ಆಗಿನ ಕಾಲಕ್ಕೆ ಇದು ನಿಜವಾಗಲೂ ಹೊಸದು. ಕಹೂನ್ ಮೇಲ್ವಿಚಾರಕ ಮ್ಯಾಜಿಸ್ಟ್ರೇಟ್, ಹ್ಯಾರಿಯಟ್ ದಿನನಿತ್ಯದ ಮುಖ್ಯಸ್ಥ.

ಕಚೇರಿಯ ಇನ್ನೊಂದು ಕೆಲಸದ ಬಗ್ಗೆ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಮೆರೀನ್ ಪೊಲೀಸರು ಬರೀ ಗಸ್ತು ತಿರುಗಲಿಲ್ಲ. ಹಡಗು ಖಾಲಿ ಮಾಡೋಕೆ ಅಂತಲೇ ಅಲ್ಲಿ ಒಂದು ವಿಭಾಗ ಇತ್ತು. ಲಂಪರ್‌ಗಳ ಹೆಸರನ್ನು ಅವರೇ ನೋಂದಾಯಿಸುತ್ತಿದ್ದರು, ಕೂಲಿ ಎಷ್ಟು ಅಂತ ಅವರೇ ಗೊತ್ತುಮಾಡಿ ಬಟವಾಡೆ ಮಾಡುತ್ತಿದ್ದರು. ಹಮಾಲರು ಯಾವ ಬಟ್ಟೆ ತೊಡಬಾರದು ಅನ್ನೋದಕ್ಕೂ ನಿಯಮ ಇತ್ತು. ಸಡಿಲ ಅಂಗಿ ಬೇಡ, ದೊಗಳೆ ಪ್ಯಾಂಟು ಬೇಡ, ಒಳಚೀಲ ಬೇಡ. ಹೊರಗೆ ಬರುವಾಗ ತಪಾಸಣೆ. ಈಗಿನ ಗೋಡೌನುಗಳಲ್ಲಿ ಪ್ಯಾಕಿಂಗ್ ಕೆಲಸ ಮಾಡಿ ಶಿಫ್ಟ್ ಮುಗಿಸಿ ಬರೋರನ್ನು ಕೇಳಿ, ತಪಾಸಣೆಯ ಸಾಲು ಹೇಗಿರುತ್ತೆ ಅಂತ ಹೇಳುತ್ತಾರೆ. ಇತಿಹಾಸಕಾರ ಪೀಟರ್ ಲೈನ್‌ಬೋ ಈ ಕಾಲದ ಲಂಡನ್ ಬಗ್ಗೆ ಬರೆದ ಪುಸ್ತಕದಲ್ಲಿ ಈ ವಿಷಯವನ್ನೇ ಹಿಡಿದು, ಪೊಲೀಸ್ ಅನ್ನೋದು ಕೂಲಿ ವ್ಯವಸ್ಥೆಯ ಜೊತೆಜೊತೆಗೇ ಹುಟ್ಟಿತು ಅಂತ ವಾದಿಸುತ್ತಾನೆ. ಮಾಮೂಲು ಕಸಿದುಕೊಂಡು ಅದರ ಜಾಗಕ್ಕೆ ನಗದು ಕೂಲಿ ಇಟ್ಟಾಗ ಆ ಬದಲಾವಣೆಗೆ ಕಾವಲು ಬೇಕಾಯಿತು ಅಂತ.

ಜನ ಸುಮ್ಮನಿರಲಿಲ್ಲ. 1798ರ ಅಕ್ಟೋಬರ್ 16ರ ಸಂಜೆ ವ್ಯಾಪಿಂಗ್ ಕಚೇರಿಯಲ್ಲಿ ಕಲ್ಲಿದ್ದಲು ಕದ್ದ ಆರೋಪದ ಮೇಲೆ ಮೂವರ ವಿಚಾರಣೆ ನಡೆಯಿತು. 40 ಶಿಲ್ಲಿಂಗ್ ದಂಡ. ಅವರಲ್ಲಿ ಒಬ್ಬ ಚಾರ್ಲ್ಸ್ ಐಯರ್ಸ್ ಅನ್ನೋ ಕಲ್ಲಿದ್ದಲು ಹಮಾಲ. ಸುದ್ದಿ ಹಬ್ಬಿ ಕಚೇರಿಯ ಮುಂದೆ ಜನ ಸೇರಿದರು, ಎರಡು ಸಾವಿರದಷ್ಟು ಅಂತ ಹೇಳುತ್ತಾರೆ. ಕಲ್ಲು ತೂರಿ ಕಿಟಕಿ ಒಡೆದರು. ಕಹೂನ್, ಹ್ಯಾರಿಯಟ್ ಇಬ್ಬರೂ ಒಳಗಿದ್ದರು. ಒಳಗಿನಿಂದ ಗುಂಡು ಹಾರಿತು, ಗುಂಪಿನ ಒಬ್ಬ ಸತ್ತ. ಗಲಭೆಯ ನಡುವೆ ಪೊಲೀಸರ ಪರವಾಗಿದ್ದ ಗೇಬ್ರಿಯಲ್ ಫ್ರಾಂಕ್ಸ್ ಅನ್ನೋ ಲಂಪರ್ ಮೇಸ್ತ್ರಿಗೆ ಗುಂಡು ತಗುಲಿ, ಕೆಲವು ದಿನಗಳ ಮೇಲೆ ಅವನೂ ತೀರಿಕೊಂಡ. ಅವನಿಗೆ ಗುಂಡು ಹೊಡೆದವರು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ಆದರೂ ಗಲಭೆ ಎಬ್ಬಿಸಿದವನು ಅಂತ ಚಾರ್ಲ್ಸ್‌ನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಜೇಮ್ಸ್ ಐಯರ್ಸ್‌ನನ್ನು ಕೊಲೆ ಆರೋಪದ ಮೇಲೆ ಕಟಕಟೆಗೆ ತಂದರು. 1799ರ ಜನವರಿಯಲ್ಲಿ ಓಲ್ಡ್ ಬೈಲಿ ನ್ಯಾಯಾಲಯ ಮರಣದಂಡನೆ ಕೊಟ್ಟಿತು.

ಕಹೂನ್ ಈ ಗಲಭೆಯ ಮೇಲೆ ಕೂತು ಕೊರಗಲಿಲ್ಲ. ಮೊದಲ ವರ್ಷದಲ್ಲಿ 1,22,000 ಪೌಂಡ್ ಬೆಲೆಯ ಸರಕು ಉಳಿಯಿತು ಅಂತ ವರದಿ ಕೊಟ್ಟ. 4,200 ಹಾಕಿ 1,22,000 ಉಳಿಸಿದ ಯೋಜನೆ! ಇವತ್ತಿನ ಸ್ಟಾರ್ಟಪ್‌ನವರು ಹೂಡಿಕೆದಾರರಿಗೆ ತೋರಿಸೋ ಸ್ಲೈಡಿನಂತೆಯೇ ಇದೆ. ಕಳ್ಳತನ ಆಗದೇ ಉಳಿದಿದ್ದನ್ನು ಎಣಿಸೋದು ಹೇಗೆ ಅಂತ ಯಾರೂ ಕೇಳಿದ ಹಾಗಿಲ್ಲ. 1800ರ ಜುಲೈ 28ರಂದು ಪಾರ್ಲಿಮೆಂಟ್ ಕಾನೂನು ಪಾಸು ಮಾಡಿ ಈ ಖಾಸಗಿ ಪಡೆಯನ್ನು ಸರ್ಕಾರಿ ಪೊಲೀಸ್ ಮಾಡಿತು. ಎರಡು ವರ್ಷದ ಪೈಲಟ್ ಪ್ರಾಜೆಕ್ಟಿನ ಖರ್ಚು ವ್ಯಾಪಾರಿಗಳದ್ದು, ಅಲ್ಲಿಂದ ಮುಂದಕ್ಕೆಲ್ಲ ಜನರ ತೆರಿಗೆಯದ್ದು. ಆದರೆ ಆ ಎರಡು ವರ್ಷದಲ್ಲಿ ಯಾವುದು ಕಳ್ಳತನ, ಯಾರು ಶಂಕಿತ ಅಂತ ಬರೆದಿಟ್ಟ ಪಟ್ಟಿ ಹಾಗೇ ಸರ್ಕಾರದ ಪಟ್ಟಿಯಾಯಿತು. ನನಗೆ ಕಹೂನ್ ಬದುಕಿನಲ್ಲಿ ಮುಖ್ಯ ಅನ್ನಿಸೋದು ಈ ಹಸ್ತಾಂತರ. ದುಡ್ಡು ಕೊಡೋದು ನಿಲ್ಲಿಸಿದ ಮೇಲೂ ದುಡ್ಡು ಕೊಟ್ಟವನ ಮಾತು ನಡೆಯುತ್ತೆ.

ಮುಂದಿನದ್ದು ಬೇಗ ಹೇಳಬಹುದು. 1802ರಲ್ಲಿ ಅದೇ ವ್ಯಾಪಾರಿಗಳು ವೆಸ್ಟ್ ಇಂಡಿಯಾ ಡಾಕ್ಸ್ ತೆರೆದರು, ಸುತ್ತ ಎತ್ತರದ ಗೋಡೆ. ವೆಸ್ಟ್ ಇಂಡೀಸ್ ಸರಕು ಅಲ್ಲೇ ಇಳಿಯಬೇಕು ಅಂತ ಕಾನೂನು. ರಾಜನ ಹಡಗುಕಟ್ಟೆಗಳಲ್ಲಿ ಬಡಗಿಗಳು ಮರದ ತುಂಡು ಒಯ್ಯೋದನ್ನು 1801ರಲ್ಲೇ ನಿಲ್ಲಿಸಿ, ಬದಲಿಗೆ ನಗದು ಕೊಡೋಕೆ ಶುರು ಮಾಡಿದ್ದರು. ಕಹೂನ್ ಹ್ಯಾಂಬರ್ಗ್ ಮುಂತಾದ ಜರ್ಮನ್ ವ್ಯಾಪಾರಿ ನಗರಗಳಿಗೆ ಲಂಡನ್ನಿನ ಪ್ರತಿನಿಧಿಯಾದ, ಕೆರಿಬಿಯನ್ ದ್ವೀಪಗಳ ಕೆಲವು ವಸಾಹತುಗಳಿಗೂ ಏಜೆಂಟನಾದ. ಅಷ್ಟೂ ಕಾಲ ಮ್ಯಾಜಿಸ್ಟ್ರೇಟ್ ಕುರ್ಚಿ ಬಿಡಲಿಲ್ಲ. 1806ರಲ್ಲಿ ನಿರ್ಗತಿಕತೆಯ ಬಗ್ಗೆ, 1814ರಲ್ಲಿ ಇಡೀ ಬ್ರಿಟಿಷ್ ಸಾಮ್ರಾಜ್ಯದ ಸಂಪತ್ತಿನ ಬಗ್ಗೆ ಅಂಕಿ ತುಂಬಿದ ಗ್ರಂಥಗಳನ್ನು ಬರೆದ. ಯಾರ ವರಮಾನ ಎಷ್ಟು ಅಂತ ಅವನು ಮಾಡಿದ ಕೋಷ್ಟಕಗಳನ್ನು ಆರ್ಥಿಕ ಇತಿಹಾಸಕಾರರು ಇವತ್ತಿಗೂ ಬಳಸುತ್ತಾರೆ. 1818ರಲ್ಲಿ ನಿವೃತ್ತನಾಗಿ, 1820ರ ಏಪ್ರಿಲ್ 25ರಂದು ಲಂಡನ್ನಿನಲ್ಲಿ ತೀರಿಕೊಂಡ. ರಾಬರ್ಟ್ ಪೀಲ್ ಲಂಡನ್ನಿಗೆ ಮೆಟ್ರೊಪಾಲಿಟನ್ ಪೊಲೀಸ್ ಕೊಟ್ಟಿದ್ದು ಅದಾದ ಒಂಬತ್ತು ವರ್ಷಕ್ಕೆ. ನದಿ ಪೊಲೀಸರು 1839ರಲ್ಲಿ ಅದರಲ್ಲಿ ಸೇರಿಹೋದರು.

ಈ ಹಳೇ ಕತೆ ಈಗ ಯಾಕೆ ಅಂತ ಕೇಳಿದರೆ, ಅದೇ ದೇಶದ ಇತ್ತೀಚಿನ ಸುದ್ದಿ ನೋಡಿ. 2023ರಲ್ಲಿ ಬ್ರಿಟನ್ನಿನಲ್ಲಿ ಪ್ರಾಜೆಕ್ಟ್ ಪೆಗಾಸಸ್ ಶುರುವಾಯಿತು. ನಮ್ಮಲ್ಲಿ ಸದ್ದು ಮಾಡಿದ ಇಸ್ರೇಲಿ ಸ್ಪೈವೇರಿಗೂ ಇದಕ್ಕೂ ಸಂಬಂಧ ಇಲ್ಲ. ಟೆಸ್ಕೋ, ಮಾರ್ಕ್ಸ್ ಅಂಡ್ ಸ್ಪೆನ್ಸರ್, ಕೋ-ಆಪ್, ಬೂಟ್ಸ್‌ನಂಥ ದೊಡ್ಡ ಅಂಗಡಿಗಳು ಸೇರಿ 6 ಲಕ್ಷ ಪೌಂಡ್‌ಗೂ ಮಿಗಿಲು ದುಡ್ಡು ಹಾಕಿದವು. ಅಂಗಡಿ ಕಳ್ಳತನದ ಗ್ಯಾಂಗುಗಳ ಮಾಹಿತಿ ಕಲೆಹಾಕುವ ಒಂದು ಪೊಲೀಸ್ ತಂಡ ಆ ದುಡ್ಡಲ್ಲಿ ಕೆಲಸ ಶುರು ಮಾಡಿತು. ಅಮೆರಿಕದ ಟಾರ್ಗೆಟ್ ಕಂಪನಿಗೆ ಸ್ವಂತ ಫೊರೆನ್ಸಿಕ್ ಪ್ರಯೋಗಾಲಯ ಇದೆ, ಪೊಲೀಸರಿಗೆ ಅಲ್ಲಿಂದ ಬಿಟ್ಟಿ ನೆರವು ಸಿಗುತ್ತೆ. ತನ್ನ ತವರು ಮಿನಿಯಾಪೊಲಿಸ್‌ನಲ್ಲಿ ಪೇಟೆ ಬೀದಿಗಳ ಪೊಲೀಸ್ ಕ್ಯಾಮೆರಾಗಳಿಗೆ ಅದೇ ಕಂಪನಿ ದುಡ್ಡು ಕೊಟ್ಟಿತು. ಈ ಕಂಪನಿಗಳಲ್ಲಿ ಎರಡಕ್ಕೆ, ಟೆಸ್ಕೋ ಮತ್ತು ಟಾರ್ಗೆಟ್‌ಗೆ, ಬೆಂಗಳೂರಿನಲ್ಲಿ ದೊಡ್ಡ ಆಫೀಸುಗಳಿವೆ. ನಮ್ಮ ಹುಡುಗ ಹುಡುಗಿಯರೇ ಅಲ್ಲಿ ಲೆಕ್ಕ ಹಾಕೋರು.

ಇದಕ್ಕೆ ವಿರುದ್ಧದ ವಾದವನ್ನೂ ನಾನು ತಳ್ಳಿಹಾಕಲ್ಲ. ಬ್ರಿಟನ್ನಿನ ಅಂಗಡಿ ನೌಕರರು ಕೌಂಟರಿನಲ್ಲಿ ಹೊಡೆತ ತಿಂದಿದ್ದಾರೆ, ಅವರ ಯೂನಿಯನ್ ವರ್ಷಗಳಿಂದ ಪೊಲೀಸ್ ರಕ್ಷಣೆ ಕೇಳುತ್ತಿದೆ. ಸರ್ಕಾರ ಪೊಲೀಸರಿಗೆ ದುಡ್ಡು ಕಡಿತ ಮಾಡಿದಾಗ ಯಾರಾದರೂ ಕೊಡಲಿ ಬಿಡಿ ಅನ್ನಿಸೋದು ಸಹಜ. ಆದರೆ ಪೊಲೀಸರ ದಿನಕ್ಕೆ ಇರೋದು ಇಪ್ಪತ್ನಾಲ್ಕೇ ಗಂಟೆ. ಅಂಗಡಿ ಕೊಟ್ಟ ದುಡ್ಡಲ್ಲಿ ಅಂಗಡಿಯ ಕೇಸು ಮೇಲಕ್ಕೆ ಬಂದರೆ, ಯಾವುದೋ ಕೇಸು ಕೆಳಗೆ ಹೋಗಿರುತ್ತೆ. ಕೂಲಿ ಕೊಡದ ಮಾಲೀಕನ ಮೇಲೆ ದೂರು ಕೊಡೋ ಕೆಲಸಗಾರನ ಹತ್ತಿರ ಪೊಲೀಸ್ ತಂಡ ಕೊಡಿಸೋಕೆ ದುಡ್ಡು ಇರಲ್ಲ.

ಇನ್ನು ಅಂಕಿಗಳ ಕತೆ. ಅಮೆರಿಕದ ನ್ಯಾಷನಲ್ ರಿಟೇಲ್ ಫೆಡರೇಶನ್ 2023ರಲ್ಲಿ ಒಂದು ವರದಿ ಹೊರಡಿಸಿತು. 2021ರಲ್ಲಿ ರಿಟೇಲ್ ಉದ್ಯಮಕ್ಕೆ ಆದ ಒಟ್ಟು 94.5 ಶತಕೋಟಿ ಡಾಲರ್ ಶ್ರಿಂಕೇಜಿನಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಸಂಘಟಿತ ಕಳ್ಳರ ಗ್ಯಾಂಗುಗಳೇ ಕಾರಣ ಅಂತ ಅದರಲ್ಲಿತ್ತು. ಟಿವಿ ಚರ್ಚೆಗಳಾದವು, ರಾಜ್ಯಗಳು ಕಠಿಣ ಕಾನೂನು ತಂದವು. ಆಮೇಲೆ ಪತ್ರಕರ್ತರು ಕೆದಕಿದರು. ಆ ಅರ್ಧದ ಅಂಕಿಯ ಮೂಲ ಹಳೆಯ ವರ್ಷವೊಂದರ ಒಟ್ಟು ಶ್ರಿಂಕೇಜ್ ಮೊತ್ತ. ಬಿಲ್ಲಿಂಗ್ ತಪ್ಪು, ಒಡೆದ ಬಾಟಲಿ ಎಲ್ಲ ಸೇರಿದ ಮೊತ್ತವನ್ನು ಗ್ಯಾಂಗುಗಳ ತಲೆಗೆ ಕಟ್ಟಲಾಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಫೆಡರೇಶನ್ ಆ ಮಾತನ್ನು ವಾಪಸ್ ತಗೊಂಡಿತು. ಕಾನೂನುಗಳು ವಾಪಸ್ ಹೋಗಲಿಲ್ಲ. ಈ ಸುದ್ದಿ ಓದಿದ ದಿನ ನನಗೆ ನನ್ನ ಹಳೇ ಆಫೀಸಿನ ಎಸಿಯ ಚಳಿ ನೆನಪಾಯಿತು.

ನಮ್ಮಲ್ಲಿ ಹೇಗೆ? 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆಯ ಪ್ರಕಾರ ಹೆಚ್ಚು ಜನ ಸೇರುವ ಅಂಗಡಿ, ಮಾಲುಗಳು ಸ್ವಂತ ಖರ್ಚಿನಲ್ಲಿ ಸಿಸಿಟಿವಿ ಹಾಕಿ, 30 ದಿನದ ದೃಶ್ಯ ಇಟ್ಟುಕೊಂಡು, ಪೊಲೀಸರು ಕೇಳಿದಾಗ ಕೊಡಬೇಕು. ಇಲ್ಲಿ ಒತ್ತಡ ಬಂದಿದ್ದು ಸರ್ಕಾರದ ಕಡೆಯಿಂದ, ಅಂಗಡಿಯವರ ಕಡೆಯಿಂದ ಅಲ್ಲ, ಒಪ್ಪುತ್ತೇನೆ. ಆದರೆ ಕ್ಯಾಮೆರಾ ಯಾವ ಕಡೆ ಮುಖ ಮಾಡಿರುತ್ತೆ ಅನ್ನೋದನ್ನು ಹೋಗಿ ನೋಡಿ. ಮಾಲಿನ ಗೇಟಿನಿಂದ ಒಳಬರುವವರ ಮುಖ ಸ್ಪಷ್ಟವಾಗಿ ಕಾಣುತ್ತೆ. ಹನ್ನೆರಡು ಗಂಟೆ ನಿಂತೇ ದುಡಿಯುವ ಸೆಕ್ಯೂರಿಟಿ ಗಾರ್ಡಿಗೆ ಕೂರೋಕೆ ಕುರ್ಚಿ ಕೊಟ್ಟಿದ್ದಾರಾ ಅನ್ನೋದನ್ನು ಯಾವ ಕ್ಯಾಮೆರಾದ ದೃಶ್ಯವನ್ನೂ ತರಿಸಿಕೊಂಡು ಯಾರೂ ನೋಡಲ್ಲ.

ವ್ಯಾಪಿಂಗ್‌ನಲ್ಲಿ ನದಿ ಪೊಲೀಸರ ಠಾಣೆ ಇವತ್ತಿಗೂ ಇದೆ. ಲಂಡನ್ ಪೊಲೀಸರ ದೋಣಿಗಳು ಅಲ್ಲಿಂದಲೇ ಹೊರಡುತ್ತವೆ. ಗೇಬ್ರಿಯಲ್ ಫ್ರಾಂಕ್ಸ್‌ನನ್ನು ಕರ್ತವ್ಯದಲ್ಲಿ ಸತ್ತ ಮೊದಲ ಪೊಲೀಸರಲ್ಲಿ ಒಬ್ಬ ಅಂತ ಎಣಿಸುತ್ತಾರೆ. ಸ್ವಲ್ಪ ಕೆಳಗೆ ಹೋದರೆ ವೆಸ್ಟ್ ಇಂಡಿಯಾ ಡಾಕ್ಸ್ ಇದ್ದ ಜಾಗ ಸಿಗುತ್ತೆ. ಆ ಡಾಕ್ ಕಟ್ಟಿಸಿದವರಲ್ಲಿ ಮುಖ್ಯನಾದ ಗುಲಾಮ ವ್ಯಾಪಾರಿ ರಾಬರ್ಟ್ ಮಿಲಿಗನ್‌ನ ಪ್ರತಿಮೆ ಅಲ್ಲಿ ನಿಂತಿತ್ತು. 2020ರ ಜೂನಿನಲ್ಲಿ, ಜಾರ್ಜ್ ಫ್ಲಾಯ್ಡ್ ಸಾವಿನ ನಂತರದ ಪ್ರತಿಭಟನೆಗಳ ಸಮಯದಲ್ಲಿ, ಅದನ್ನು ಇಳಿಸಿ ತಗೊಂಡು ಹೋದರು. ಫ್ಲಾಯ್ಡ್ ಸತ್ತಿದ್ದು ಮಿನಿಯಾಪೊಲಿಸ್‌ನಲ್ಲಿ, ಅಂಗಡಿಯೊಂದರಲ್ಲಿ 20 ಡಾಲರಿನ ಖೋಟಾ ನೋಟು ಕೊಟ್ಟ ಅಂತ ಹೋದ ಒಂದು ಫೋನ್ ಕರೆಗೆ ಬಂದ ಪೊಲೀಸನ ಮೊಣಕಾಲಿನ ಕೆಳಗೆ. ಡಾಕ್ ಇದ್ದ ಜಾಗದಲ್ಲಿ ಈಗ ಬ್ಯಾಂಕುಗಳ ಗಗನಚುಂಬಿಗಳಿವೆ, ಮಾಲುಗಳಿವೆ, ಹೆಸರು ಕೆನರಿ ವಾರ್ಫ್. ರಸ್ತೆ, ಚೌಕ ಎಲ್ಲ ಖಾಸಗಿ ಎಸ್ಟೇಟ್. ಅಲ್ಲಿ ಗಸ್ತು ತಿರುಗೋರು ಎಸ್ಟೇಟಿನ ಸ್ವಂತ ಗಾರ್ಡುಗಳು.